ಮೀನು ತಿನ್ನದವರು ಕೊಂಡ ಬುಟ್ಟಿ

ಅವರು ಹೋದ ಸುದ್ದಿ ಬಂದಾಗ ನಾನು ಅಂಗಿ ಬಿಚ್ಚಿ ಇ.ಸಿ.ಜಿ. ಮಂಚದ ಮೇಲೆ ಅಂಗಾತ ಮಲಗಿದ್ದೆ. ರೋಗಿಯಾಗಿ ಅಲ್ಲ. ಇ.ಸಿ.ಜಿ. ತೆಗೆಯುವುದು ನನ್ನ ಹೊಟ್ಟೆಪಾಡು. ಬೆಳಿಗ್ಗೆ ಜನ ಬರುವ ಮುಂಚೆ ಯಂತ್ರ ಸರಿ ಇದೆಯೇ ಎಂದು ನೋಡುವ ನೆಪದಲ್ಲಿ ವಾರಕ್ಕೆರಡು ಸಲವಾದರೂ ನನ್ನ ಎದೆಯನ್ನೇ ನೋಡಿಕೊಳ್ಳುತ್ತೇನೆ. ಎಡಭುಜ ನೊಂದರೆ ನನಗೆ ಹೃದಯ, ಹಲ್ಲು ನೊಂದರೂ ಹೃದಯ, ಹೆಂಡತಿ ಕರೆದಾಗ ಓಗೊಡದೆ ಆಮೇಲೆ ಎದೆ ಡವಗುಟ್ಟಿದರೆ ಅದೂ ಹೃದಯವೇ.

ಫೋನು ಮಾಡಿದ್ದು ನಮ್ಮ ಹಳೆಯ ಆಯಾ. "ಸಿಸ್ಟ್ರಮ್ಮ ಹೋಯ್ರಂಬ್ರ್. ಬೆಳಿಗ್ಗೆ ಕಾಫಿ ಕುಡ್ದ್, ಲೋಟ ತೊಳ್ದ್ ಕವುಚಿ ಇಟ್ಟ್, ಹಾಂಗೇ ಮನಿಕಂಡ್ರಂಬ್ರ್" ಎಂದಳು. ಯಂತ್ರ ಇನ್ನೂ ಓಡುತ್ತಲೇ ಇತ್ತು. ನನ್ನ ಹೃದಯದ ಗೆರೆ ಎಂದಿನಂತೆ, ಯಾವ ನಾಚಿಕೆಯೂ ಇಲ್ಲದೆ, ಸರಿಯಾಗಿಯೇ ಬರುತ್ತಿತ್ತು. ಅವರು ಇದ್ದಿದ್ದರೆ ಆ ಪಟ್ಟಿಯನ್ನು ಚರ್‍ರೆಂದು ಹರಿದು ಕಸದ ಬುಟ್ಟಿಗೆ ಹಾಕಿ, "ಹೆದ್ರಿಕಿ ಇಪ್ಪರ ಹೃದಯಕ್ಕೆ ನಿಲ್ಲೂಕೆ ಪುರ್ಸೊತ್ತೆಲ್ಲಿತ್ತ್ ಮಾಣಿ? ಏಳ್, ಕಾಗ್ದ ದಂಡ" ಎನ್ನುತ್ತಿದ್ದರು. ನಲವತ್ತು ದಾಟಿ ಕಿವಿಯ ಮೇಲೆ ಕೂದಲು ಬೆಳ್ಳಗಾದರೂ ಅವರ ಪಾಲಿಗೆ ನಾನು ಮಾಣಿಯೇ.

ಅವರ ಹೆಸರನ್ನು ಬರೆಯುವುದಿಲ್ಲ. ನಿವೃತ್ತಿಯಾದಾಗ ಯಾರೋ ಪತ್ರಿಕೆಗೆ ನಾಲ್ಕು ಸಾಲು ಕೊಡುತ್ತೇನೆ ಎಂದದ್ದಕ್ಕೆ, "ಸತ್ತ್ ಮೇಲೆ ಕೊಡಿ, ಅದೂ ಫೋಟೊ ಬೇಡ" ಎಂದವರು. ಸತ್ತ ಮೇಲೆ ಎಂಬ ಮಾತಿನಲ್ಲಿ ನನಗೆ ಸಿಕ್ಕ ಸಂದಿಯಲ್ಲಿ ಇಷ್ಟನ್ನು ಬರೆಯುತ್ತಿದ್ದೇನೆ. ನಾನು ಅಕ್ಕ ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಇರಲಿ.

ತೊಂಬತ್ತೇಳರಲ್ಲಿ ನಾನು ಕುಂದಾಪುರದ ಆ ಸಣ್ಣ ನರ್ಸಿಂಗ್ ಹೋಮಿಗೆ ಸೇರಿದಾಗ ಅಕ್ಕ ಅಲ್ಲಿ ಹಿರಿಯ ನರ್ಸು. ಹನ್ನೆರಡು ಮಂಚ, ಒಬ್ಬ ಡಾಕ್ಟರು, ಒಂದು ಇ.ಸಿ.ಜಿ. ಯಂತ್ರ. ಅಕ್ಕನ ಮನೆ ಸಾಲಿಗ್ರಾಮದ ಕಡೆ. ಅಪ್ಪ ದೇವಸ್ಥಾನದಲ್ಲಿ ಗಂಧ ತೇಯುತ್ತಿದ್ದವರು, ಅಣ್ಣ ಅಲ್ಲೇ ಪರಿಚಾರಕ. ಆ ಮನೆಯಿಂದ ಒಬ್ಬ ಹುಡುಗಿ ನರ್ಸ್ ಕೆಲಸಕ್ಕೆ ಹೊರಟದ್ದೇ ಒಂದು ಕಾಲದಲ್ಲಿ ದೊಡ್ಡ ರಂಪವಾಗಿತ್ತಂತೆ. ಮದುವೆ ಆಗಲಿಲ್ಲ. ಕೇಳಿದವರಿಗೆ, "ಡ್ಯೂಟಿ ಮೇಲೆ ಇದ್ದೆ, ಗೊತ್ತಾಯ್ಲ" ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಸೀರೆ, ಗಡಿಯಾರ ಮಣಿಕಟ್ಟಿನ ಒಳಬದಿಗೆ, ಬುತ್ತಿಯಲ್ಲಿ ಮೊಸರನ್ನ ಮತ್ತು ಮಿಡಿ ಉಪ್ಪಿನಕಾಯಿ.

ಜೀವನದಲ್ಲಿ ಮೀನು ಮುಟ್ಟಿದವರಲ್ಲ. ಆದರೆ ಮೀನಿನ ವಿಷಯದಲ್ಲಿ ಅವರಷ್ಟು ತಿಳಿದವರನ್ನು ನಾನು ಕಂಡಿಲ್ಲ. ಯಾವ ಮೀನು ಯಾವ ತಿಂಗಳು ಬರುತ್ತದೆ, ಒಂದು ಬುಟ್ಟಿ ಬಂಗುಡೆ ಎಷ್ಟು ಭಾರ, ನೀರಿಳಿಯುವ ಸಿಗಡಿಯ ಬುಟ್ಟಿ ಎಷ್ಟು ಭಾರ, ಎಲ್ಲ ಬಾಯಿಪಾಠ. ಸೇರಿದ ಹೊಸತರಲ್ಲಿ ನನಗೆ ಅದು ತಮಾಷೆಯಾಗಿ ಕಂಡಿತ್ತು. ಗಂಧ ತೇಯುವವರ ಮಗಳಿಗೆ ಬಂಗುಡೆಯ ತೂಕ ಯಾಕೆ?

ಯಾಕೆಂದು ನಿಧಾನಕ್ಕೆ ತಿಳಿಯಿತು. ಎದೆನೋವೆಂದು ಬರುವ ಮೀನು ಮಾರುವ ಹೆಂಗಸರನ್ನು ಅಕ್ಕ "ಎಲ್ಲಿ ನೋವು, ಎಷ್ಟು ನೋವು" ಎಂದು ಕೇಳುತ್ತಲೇ ಇರಲಿಲ್ಲ. "ನೋವ್ ಅಂದ್ರೆ ಇವ್ರಿಗೆ ಲೆಕ್ಕಕ್ಕಿಲ್ಲೆ ಮಾಣಿ. ಹೆತ್ತದ್ದ್ ಒಂದೇ ನೋವ್, ಬಾಕಿದೆಲ್ಲ ಸುಸ್ತ್" ಎನ್ನುತ್ತಿದ್ದರು. ಅವರು ಕೇಳುತ್ತಿದ್ದುದು ಒಂದೇ: "ಬುಟ್ಟಿ ಎಷ್ಟ್ ಕಡೆ ಇಳಿಸ್ದೆ ಹೆಣೇ?"

ಕಡಲ ಕರೆಯಿಂದ ಹೆದ್ದಾರಿಗೆ ಬರುವ ಮರಳಿನ ಏರು. ಹೊತ್ತ ಬುಟ್ಟಿಯನ್ನು ಸುಮ್ಮನೆ ಯಾರೂ ಇಳಿಸುವುದಿಲ್ಲ, ಇಳಿಸಿದರೆ ಮತ್ತೆ ಎತ್ತಿ ತಲೆಗೇರಿಸಲು ಇನ್ನೊಬ್ಬರು ಬೇಕು. ಹೋದ ತಿಂಗಳು ಒಂದೂ ಕಡೆ ಇಳಿಸದೆ ಬಂದವಳು ಇವತ್ತು ಮೂರು ಕಡೆ ಇಳಿಸಿದ್ದರೆ, ಅದೂ ಬುಟ್ಟಿ ಅಷ್ಟೇ ಭಾರದ್ದಾಗಿದ್ದರೆ, ಅಕ್ಕನ ಮುಖ ಗಂಭೀರವಾಗುತ್ತಿತ್ತು. ಬಿಜೂರಿನ ಕಡೆಯ ಗದ್ದೆ ಕೆಲಸದವರು ಬಂದರೆ ಬಾವಿಯಿಂದ ಕೊಡಪಾನ ತರುವಾಗ ಎಲ್ಲಿ ನಿಂತೆ ಎಂಬ ಪ್ರಶ್ನೆ. ಅಕ್ಕನ ಊರ ಕಡೆಯ ಅಡುಗೆಮನೆ ಹೆಂಗಸರು ಬಂದರೆ, ಒರಳಲ್ಲಿ ಕಡೆಯುವಾಗ ಎಷ್ಟು ಸಲ ಕೈ ಬಿಟ್ಟೆ. ಆಮೇಲೆ ಇನ್ನೊಂದು ಪ್ರಶ್ನೆ ಇತ್ತು, ಅದಕ್ಕೆ ಡಾಕ್ಟರು ನಗುತ್ತಿದ್ದರು: "ಬಸ್ರಿ ಇಪ್ಪತಿಗೆ ಬಿಪಿ ಏರಿತ್ತಾ? ಕಾಲ್ ಬೀಗಿತ್ತಾ?"

"ಎದೆಗೂ ಬಸಿರಿಗೂ ಏನು ಸಂಬಂಧ ಸಿಸ್ಟರ್?"

"ನಂಗೊತ್ತಿಲ್ಲೆ ಡಾಕ್ಟ್ರೇ. ಕಂಡದ್ದ್ ಹೇಳ್ದೆ. ಹಾಂಗೆ ಬಿಪಿ ಏರ್ದವ್ರೇ ಹತ್ತ್ ವರ್ಷ ಬಿಟ್ಟ್ ಮತ್ತ್ ಬತ್ರ್, ಎದಿ ಹಿಡ್ಕಂಡ್."

ಡಾಕ್ಟರು ಕೆಟ್ಟವರಲ್ಲ. ಬಡವರಿಗೆ ಔಷಧಿಯನ್ನು ಸುಮ್ಮನೆ ಕೊಡುತ್ತಿದ್ದರು. ಆದರೆ ಹೃದಯಾಘಾತ ಎಂದರೆ ಅವರ ಮನಸ್ಸಿನಲ್ಲಿ ಒಂದು ಚಿತ್ರ ಕೂತಿತ್ತು: ಐವತ್ತೈದರ ಗಂಡಸು, ಬೀಡಿ, ಹೊಟ್ಟೆ, ಎದೆ ಮೇಲೆ ಮುಷ್ಟಿ. ಮೂವತ್ತರ ಹೆಂಗಸಿಗೆ ಎದೆನೋವು ಬಂದರೆ ಅವರ ಪ್ರಕಾರ ಕಾರಣ ಎರಡೇ, ಒಂದು ಗ್ಯಾಸು, ಇನ್ನೊಂದು ಅತ್ತೆ. ಗ್ಯಾಸಿಗೆ ಇಂಜೆಕ್ಷನ್, ಅತ್ತೆಗೆ ಔಷಧಿ ಇಲ್ಲ. ನಾನೂ ನಗುತ್ತಿದ್ದೆ. ಇಪ್ಪತ್ತಮೂರರ ನನಗೆ ಬರುತ್ತಿದ್ದ ಎದೆನೋವು ಮಾತ್ರ ಖಂಡಿತ ಹೃದಯದ್ದೇ ಎಂದು ನಂಬಿಕೊಂಡೇ ನಗುತ್ತಿದ್ದೆ.

ಅಕ್ಕ ಯಾವಾಗಲೂ ಸರಿ ಇರುತ್ತಿದ್ದರು ಎಂದಲ್ಲ. ತೆಕ್ಕಟ್ಟೆಯ ಒಬ್ಬ ಹೊಸ ಮದುಮಗಳು ಎದೆ ಹಿಂಡುತ್ತದೆ ಎಂದು ಬಂದಿದ್ದಳು. ಅಕ್ಕ ಹಟ ಹಿಡಿದು ಅವಳನ್ನು ದಕ್ಷಿಣಕ್ಕೆ ಒಂದು ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎರಡು ದಿನ ಇಟ್ಟುಕೊಂಡು ಎಲ್ಲ ನೋಡಿ, ಏನೂ ಇಲ್ಲ ಎಂದು ವಾಪಸು ಕಳಿಸಿದರು. ಮೂರನೇ ದಿನ ಅವಳ ತವರಿನವರು ನಮ್ಮ ಜಗಲಿಯಲ್ಲಿ ನಿಂತು, "ಹೊಸ ಹೆಣ್ಣಿಗೆ ಹಾರ್ಟ್ ಕಾಯ್ಲೆ ಅಂದೇಳಿ ಊರಿಡೀ ಆಯ್ತ್. ಇನ್ನ್ ಅವ್ಳ್ ತಂಗಿಗೆ ಗಂಡ್ ಯಾರ್ ಕೊಡ್ತ್ರ್? ನೀವ್ ಕೊಡ್ತ್ರ್ಯಾ?" ಎಂದು ಕೂಗಿದರು. ಅಕ್ಕ ಕೈಕಟ್ಟಿ ನಿಂತು ಕೇಳಿಸಿಕೊಂಡರು. ಅವರು ಹೋದ ಮೇಲೆ ಡಾಕ್ಟರು ಎಲ್ಲರ ಎದುರಿಗೇ ಹೇಳಿದರು: ಇನ್ನು ಮುಂದೆ ನನ್ನ ಮಾತಿಲ್ಲದೆ ಇಲ್ಲಿಂದ ಯಾರನ್ನೂ ಎಲ್ಲಿಗೂ ಕಳಿಸಬಾರದು, ಕಳಿಸಿದರೆ ಮರುದಿನ ಕೆಲಸಕ್ಕೆ ಬರಬೇಕಾಗಿಲ್ಲ. ಅಕ್ಕ "ಆಯ್ತ್" ಎಂದರು. ಅವತ್ತು ಅವರ ಬುತ್ತಿ ತೆರೆಯದೆಯೇ ಸಾಲಿಗ್ರಾಮಕ್ಕೆ ವಾಪಸು ಹೋಯಿತು.

ಇದಾಗಿ ಒಂದು ತಿಂಗಳಿರಬಹುದು. ಮಳೆ ಬಿಟ್ಟು, ಬೋಟುಗಳು ಕಡಲಿಗಿಳಿದು, ಮೀನು ಧಾರಾಳವಾಗಿದ್ದ ಸಮಯ. ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಗುಲಾಬಿ ಬಂದಳು.

ಗುಲಾಬಿ ತ್ರಾಸಿಯವಳು. ಮೂವತ್ತನಾಲ್ಕು ವಯಸ್ಸು. ಗಂಡ ಮುಂಬೈಯ ಹೋಟೆಲಿನಲ್ಲಿ, ಮೂರು ಮಕ್ಕಳು ಅತ್ತೆಯ ಹತ್ತಿರ. ಬೆಳಿಗ್ಗೆ ಕಡಲ ಕರೆಯಲ್ಲಿ ಮೀನು ಕೊಂಡು ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದು ಮನೆಮನೆಗೆ ಮಾರುವವಳು. ನಮ್ಮ ಬೀದಿಗೂ ಬರುತ್ತಿದ್ದಳು. ಅವಳ "ಮೀನ್ ಬೇಕಾ ಮೀನ್" ಕೇಳಿ ನಮ್ಮ ವಾರ್ಡಿನ ರೋಗಿಗಳು ಮಂಚದಿಂದ ಎದ್ದು ಕೂರುತ್ತಿದ್ದರು. ಅವತ್ತು ಕೂಗಲಿಲ್ಲ. ಬುಟ್ಟಿಯನ್ನು ಜಗಲಿಯಲ್ಲಿ ಇಳಿಸಿ, ಡಾಕ್ಟರ ಕೋಣೆಗೆ ಹೋಗಿ, "ಗ್ಯಾಸ್ ಆಯ್ತ್ ಕಾಣತ್ತ್ ಡಾಕ್ಟ್ರೇ, ಒಂದ್ ಇಂಜೆಕ್ಷನ್ ಕೊಡಿ, ಹೋತೆ" ಎಂದಳು. ರೋಗಿಯೇ ಗ್ಯಾಸ್ ಎಂದ ಮೇಲೆ ಡಾಕ್ಟರಿಗೆ ಇನ್ನೇನು? ನಾಡಿ ನೋಡಿದರು, ಬಿಪಿ ನೋಡಿದರು, ಸ್ವಲ್ಪ ಹೆಚ್ಚಿತ್ತು. "ಮನಸ್ಸಿನ ಸಮಾಧಾನಕ್ಕೆ ಒಂದು ಇ.ಸಿ.ಜಿ. ತೆಗಿ" ಎಂದು ನನಗೆ ಹೇಳಿದರು.

ಇಲ್ಲಿ ನನ್ನ ವಿಷಯ ಹೇಳಬೇಕು. ಆ ಕಾಲದ ಯಂತ್ರದಲ್ಲಿ ಎದೆಗೆ ರಬ್ಬರಿನ ಬಲ್ಬು ಒತ್ತಿ ಕಚ್ಚಿಸಬೇಕಿತ್ತು. ಎದೆಯ ಮೇಲೆ ಆರು ಜಾಗ, ಪಕ್ಕೆಲುಬನ್ನು ಬೆರಳಲ್ಲಿ ಎಣಿಸಿ ಗುರುತು ಹಿಡಿಯಬೇಕು. ಜಾಗ ತಪ್ಪಿದರೆ ಗೆರೆ ಬೇರೆಯೇ ಕತೆ ಹೇಳುತ್ತದೆ. ಗಂಡಸರಿಗೆ ನಾನು ಕಣ್ಣು ಮುಚ್ಚಿ ಇಡುತ್ತಿದ್ದೆ, ಅಷ್ಟು ಅಭ್ಯಾಸವಾಗಿತ್ತು. ಹೆಂಗಸರಿಗೂ ಕಣ್ಣು ಮುಚ್ಚಿಯೇ ಇಡುತ್ತಿದ್ದೆ, ಅದೇ ತೊಂದರೆ. ಅದಕ್ಕಾಗಿಯೇ ಹೆಂಗಸರು ಬಂದಾಗ ಅಕ್ಕ ಬಂದು ಪಕ್ಕದಲ್ಲಿ ನಿಲ್ಲುವ ಪದ್ಧತಿ. ಅವತ್ತು ಅಕ್ಕ ಹೆರಿಗೆ ಕೋಣೆಯಲ್ಲಿದ್ದರು. ಗುಲಾಬಿ ರವಿಕೆಯ ಗುಂಡಿ ಬಿಚ್ಚಿ ಮಲಗಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂಬುದನ್ನು ಬಹಳ ಶ್ರದ್ಧೆಯಿಂದ ನೋಡುತ್ತಾ, ಸೆರಗಿನ ಅಡಿಗೆ ಕೈ ತೂರಿಸಿ, ಬಲ್ಬುಗಳನ್ನು ಎಲ್ಲೋ ಕೆಳಗೆ, ಹೊಟ್ಟೆಗೆ ಹತ್ತಿರ, ಕಚ್ಚಿದಲ್ಲಿ ಕಚ್ಚಲಿ ಎಂದು ಒತ್ತಿದೆ. ಪಟ್ಟಿ ಬಂತು. ಡಾಕ್ಟರು ಬೆಳಕಿಗೆ ಹಿಡಿದು ನೋಡಿದರು. "ನಾರ್ಮಲ್. ಗ್ಯಾಸು." ಇಂಜೆಕ್ಷನ್ ಬರೆದಿಟ್ಟು, ವಾರಕ್ಕೆರಡು ದಿನ ಕೂರುತ್ತಿದ್ದ ಬೈಂದೂರಿನ ಕ್ಲಿನಿಕ್ಕಿಗೆ ಹೊರಟು ಹೋದರು.

ಹೆರಿಗೆ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಅಕ್ಕ ಹೊರಗೆ ಬರುವಾಗ ಗುಲಾಬಿ ಇಂಜೆಕ್ಷನ್ ಚುಚ್ಚಿಸಿಕೊಂಡು ಜಗಲಿಯಲ್ಲಿ ಬುಟ್ಟಿ ಎತ್ತಿಕೊಡುವವರಿಗಾಗಿ ನೋಡುತ್ತಿದ್ದಳು. ಮುಖದಲ್ಲಿ ಬೆವರು. ಮರದಡಿಯ ಜಗಲಿ, ತಂಪು ಗಾಳಿ ಬೇರೆ ಇತ್ತು.

"ಬುಟ್ಟಿ ಎಷ್ಟ್ ಕಡೆ ಇಳಿಸ್ದೆ ಹೆಣೇ?"

"ಹ್ವಾಯ್ ಸಿಸ್ಟ್ರಮ್ಮ, ಈಗ ಸುರು ಮಾಡ್ಬೇಡಿ. ಗ್ಯಾಸ್ ಅಂದ್ರ್ ಡಾಕ್ಟ್ರ್."

"ಎಷ್ಟ್ ಕಡೆ?"

ಗುಲಾಬಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಏರಲ್ಲಿ ಎರಡ್ ಕಡೆ. ಬಸ್ಸ್ಟ್ಯಾಂಡಿಂದ ಇಲ್ಲಿಗ್ ಬಪ್ಪತಿಗೆ ಮತ್ತ್ ಎರಡ್ ಕಡೆ."

"ಬಸ್ಸ್ಟ್ಯಾಂಡಿಂದ ಇಲ್ಲಿಗೆ ಏರ್ ಎಲ್ಲಿತ್ತ್?"

"ಅದೇ ಅಲ್ದಾ. ಸಮ ರಸ್ತಿಯಂಗೇ ಕೂತೆ. ದವ್ಡಿ ಹಿಡ್ದಾಂಗೆ ಆತ್ತ್, ಹಲ್ಲಿನ ಬುಡ್ದಂಗೆ."

"ಬುಟ್ಟಿಯಂಗ್ ಎಂತ ಇತ್ತ್?"

"ಬಂಗುಡೆ. ಅರ್ಧ ಬುಟ್ಟಿ."

ಅರ್ಧ ಬುಟ್ಟಿಗೆ ನಾಲ್ಕು ಕಡೆ. ಅಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತು, ಕೊನೆಯ ಬಸಿರಲ್ಲಿ ಬಿಪಿ ಏರಿತ್ತಾ ಎಂದು ಕೇಳಿದರು. ಏರಿತ್ತು, ಕಣ್ಣು ಮಂಜಾಗಿ ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದರಂತೆ. ಅಣ್ಣ ಮುಂಬೈಯಲ್ಲಿ ನಲವತ್ತಕ್ಕೇ ನಿಂತಲ್ಲೇ ಬಿದ್ದು ಹೋದನಂತೆ. ಇದನ್ನೆಲ್ಲ ಗುಲಾಬಿ ಬೇರೆ ಯಾರದೋ ಮನೆಯ ಸಂಗತಿ ಎಂಬಂತೆ ಹೇಳಿದಳು. ಆಮೇಲೆ ಅಕ್ಕನ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದಳು. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಹೆಂಗಸರ ವಿಷಯ ಇರಬೇಕೆಂದು ನಾನು ಇನ್ನೊಂದು ಗೋಡೆ ನೋಡಿದೆ.

ನಗು ಮುಗಿಸಿ ಅಕ್ಕ ಪಟ್ಟಿ ತರಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಬಲ್ಬ್ ಸಮ ಜಾಗಕ್ಕೇ ಇಟ್ಟಿದ್ಯಲ್ದಾ ಮಾಣಿ?"

"ಹೌದು ಅಕ್ಕ" ಎಂದೆ.

ಇಷ್ಟು ವರ್ಷಗಳಲ್ಲಿ ನಾನು ಹೇಳಿದ ಸುಳ್ಳುಗಳು ಸಾಕಷ್ಟಿವೆ. ಅಷ್ಟು ಬೇಗ ಹೇಳಿದ್ದು ಅದೊಂದೇ. ಅಕ್ಕ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಗುಲಾಬಿಯ ಕಡೆ ತಿರುಗಿ, "ಹಾರ್ಟ್ ಒಂದೊಂದ್ ಸಲ ತಡ್ವಾಗಿ ಮಾತಾಡತ್ತ್ ಹೆಣೇ. ಅರ್ಧ ಗಂಟಿ ಮನಿಕೋ, ಇನ್ನೊಂದ್ ಪಟ್ಟಿ ತೆಗ್ವ" ಎಂದರು.

"ಅರ್ಧ ಗಂಟ್ಯಾ? ಮೀನ್ ಹಾಳಾತ್ತ್! ಬಿಸ್ಲ್ ಕಾಣಿ. ನಂಗ್ ಮೂರ್ ಮಕ್ಳಿದ್ದೊ ಸಿಸ್ಟ್ರಮ್ಮ, ಅರ್ಧ ಗಂಟಿ ಮನಿಕಂಬುಕೆ ನಾನೆಂತ ರಾಣ್ಯಾ?" ಗುಲಾಬಿ ಎದ್ದೇ ಬಿಟ್ಟಳು. "ಹ್ವಾಯ್, ಬುಟ್ಟಿಗೊಂದ್ ಕೈ ಕೊಡಿ" ಎಂದು ನನ್ನನ್ನೇ ಕರೆದಳು.

ನಾನು ಎರಡು ಹೆಜ್ಜೆ ಹೋದೆ ಕೂಡ. ಹೋದರೆ ಹೋಗಲಿ, ಪಟ್ಟಿ ಮತ್ತೆ ತೆಗೆಯುವುದು ತಪ್ಪುತ್ತದೆ, ನನ್ನ ಸುಳ್ಳು ಉಳಿಯುತ್ತದೆ. ಹೀಗೊಂದು ಯೋಚನೆ ಆ ಎರಡು ಹೆಜ್ಜೆಗಳಲ್ಲಿ ನನಗೆ ಬಂದಿತ್ತು. ಇದನ್ನು ಬರೆಯುವಾಗಲೂ ಎಡಗೈ ಜೋಮು ಹಿಡಿಯುತ್ತಿದೆ.

"ಅಲ್ಲೇ ಇರ್ಲಿ" ಎಂದರು ಅಕ್ಕ. "ಬುಟ್ಟಿ ನಾನ್ ತಕಂತೆ."

"ಎಂತ?"

"ಮೀನ್. ಇಡೀ ಬುಟ್ಟಿ. ನಾನ್ ತಕಂಡೆ. ಇನ್ನೆಂತ ಹಾಳಾಪುದ್ ನಿಂಗೆ? ಮನಿಕೋ."

ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಆಯಾ ಬಾಯಿಗೆ ಕೈಯಿಟ್ಟುಕೊಂಡಳು. ಗುಲಾಬಿ ಬುಟ್ಟಿಯನ್ನೂ ಅಕ್ಕನನ್ನೂ ನೋಡಿದಳು. ಬ್ರಾಹ್ಮಣರ ಹೆಂಗಸು ತನ್ನ ಮೀನು ಕೊಂಡದ್ದು ಅವಳ ಜನ್ಮದಲ್ಲಿ ಮೊದಲು. "ನೀವ್... ತಿಂತ್ರ್ಯಾ?"

"ತಿಂಬುದ್ ಬಿಡುದ್ ನನ್ನಿಷ್ಟ. ಕೊಟ್ಯಾ ಇಲ್ಯಾ?"

ಗುಲಾಬಿ ಕೊಟ್ಟಳು, ಮಲಗಿದಳು. ಆ ಅರ್ಧ ಗಂಟೆ ಅಕ್ಕ ಅವಳ ಮಗ್ಗುಲು ಬಿಡಲಿಲ್ಲ. ನಾನು ಯಂತ್ರದ ಹತ್ತಿರ ನಿಂತು ಗೋಡೆಯ ಗಡಿಯಾರ ನೋಡುತ್ತಿದ್ದೆ. ಪಟ್ಟಿ ಸರಿಯಾಗಿ ಬಂದರೆ ನಾನು ಬದುಕಿದೆ, ಕೆಟ್ಟದಾಗಿ ಬಂದರೆ ಅವಳು ಬದುಕಬಹುದು. ಯಾವುದಕ್ಕೆ ಹರಕೆ ಹೇಳಿಕೊಳ್ಳುವುದೆಂದು ತಿಳಿಯದೆ ಒಟ್ಟಾರೆ ದೇವರ ಹೆಸರನ್ನಷ್ಟೇ ಹೇಳಿಕೊಂಡೆ. ಇಪ್ಪತ್ತು ನಿಮಿಷಕ್ಕೆ ಗುಲಾಬಿ, "ಸಿಸ್ಟ್ರಮ್ಮ, ಮತ್ತ್ ಹಿಡೀತ್" ಎಂದಳು.

ಅಕ್ಕ ತೊಳೆದಿಟ್ಟಿದ್ದ ಒಂದು ಹಳೆಯ ಸೀರೆ ತುಂಡನ್ನು ಅವಳ ಮೇಲೆ ಹೊದಿಸಿದರು. ಅದರ ಅಡಿಯಲ್ಲಿ ನನ್ನ ಕೈಯನ್ನು ಹಿಡಿದು, ನನ್ನ ಬೆರಳಿನಿಂದಲೇ ಪಕ್ಕೆಲುಬು ಎಣಿಸಿದರು. "ಒಂದ್. ಎರಡ್. ಮೂರ್. ನಾಲ್ಕ್. ಇದ್ರ್ ಕೆಳ್ಗೆ. ಕಂಡ್ಯಾ, ಇಲ್ಲಿ. ಗೋಡಿ ಮೇಲೆ ಹಾರ್ಟ್ ಇಲ್ಲೆ." ಮೊದಲನೇ ಬಲ್ಬು, ಎರಡನೆಯದು. ಮೂರನೆಯದಕ್ಕೆ ಸೂಜಿ ಮೇಲೆದ್ದಿತು. ನಾಲ್ಕನೆಯದಕ್ಕೆ ಇನ್ನೂ ಮೇಲೆ. ಇಳಿಯಬೇಕಾದ ಗೆರೆ ಇಳಿಯಲೇ ಇಲ್ಲ, ಕವುಚಿಟ್ಟ ಕೊಪ್ಪರಿಗೆಯ ಬೆನ್ನಿನಂತೆ ಡೊಂಕಾಗಿ ಮೇಲೆಯೇ ನಿಂತಿತು. ಪುಸ್ತಕದಲ್ಲಷ್ಟೇ ನಾನು ಆ ಗೆರೆಯನ್ನು ನೋಡಿದ್ದೆ.

ಅಕ್ಕ ಆಸ್ಪಿರಿನ್ ಮಾತ್ರೆಯನ್ನು ಅವಳ ಬಾಯಿಗೆ ಹಾಕಿ ಅಗಿಯಲು ಹೇಳಿದರು. ನಾನು ಬೈಂದೂರಿಗೆ ಫೋನು ತಿರುಗಿಸಿದೆ. ತಿರುಗಿಸಿದೆ, ಮತ್ತೆ ತಿರುಗಿಸಿದೆ. ಲೈನು ಸತ್ತಿತ್ತು.

"ಅಕ್ಕ, ಡಾಕ್ಟ್ರ ಮಾತಿಲ್ಲದೆ..."

"ಕಾರ್ ಕರಿ."

"ಕೆಲ್ಸ ಹೋದ್ರೆ?"

"ಹೋದ್ರೆ ಮೀನ್ ಮಾರ್ತೆ. ಬುಟ್ಟಿ ಹ್ಯಾಂಗೂ ಬಂತಲೆ. ಕರಿ ಮಾರಾಯಾ!"

ಸ್ಟ್ಯಾಂಡಿನ ಅಂಬಾಸಿಡರ್ ಬಂತು. ಮೀನನ್ನು ಆಯಾಳಿಗೆ ಒಪ್ಪಿಸಿ ವಾರ್ಡಿಗೆ ಹಂಚಲು ಹೇಳಿದ್ದಾಯಿತು. ಆದರೆ ಖಾಲಿ ಬುಟ್ಟಿಯನ್ನು ಬಿಟ್ಟು ಬರಲು ಗುಲಾಬಿ ಒಪ್ಪಲಿಲ್ಲ. ಮೀನು ಮಾರಿದ್ದು, ಬುಟ್ಟಿ ಮಾರಿದ್ದಲ್ಲ. ವಾದಿಸಲು ಸಮಯವಿಲ್ಲದೆ ಅಕ್ಕ ಅದನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬಿಳಿ ಸೀರೆಗೆ ಬಂಗುಡೆಯ ನೀರು ಇಳಿಯುತ್ತಿತ್ತು. ನಾನು ಮುಂದಿನ ಸೀಟಿನಲ್ಲಿ, ಎರಡೂ ಪಟ್ಟಿಗಳನ್ನು ಹಿಡಿದುಕೊಂಡು.

ತೆಕ್ಕಟ್ಟೆಯ ತನಕ ಗುಲಾಬಿ ಮಾತಾಡುತ್ತಿದ್ದಳು. ಕೋಟ ದಾಟುವಾಗ ಮಾತು ಕಡಿಮೆಯಾಯಿತು. ಅಕ್ಕ ಬಿಡಲಿಲ್ಲ. "ಬಂಗುಡೆ ಸಾರಿಗೆ ಹುಳಿ ಎಂತ ಹಾಕ್ತೆ ಹೆಣೇ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಗುಲಾಬಿಯ ಕಣ್ಣು ಅರ್ಧ ಮುಚ್ಚಿತ್ತು, ತುಟಿ ಬೂದಿಬಣ್ಣ. "ಹುಣ್ಸೆಹಣ್ಣಾ, ಬಿಂಬುಳಿಯಾ? ನಾನ್ ಇವತ್ತ್ ಮಾಡ್ಕಲೆ, ಹೇಳ್!" ಅಕ್ಕ ಅವಳ ಕೆನ್ನೆ ತಟ್ಟಿದರು. ಬಹಳ ಹೊತ್ತಿನ ಮೇಲೆ ಗುಲಾಬಿಯ ತುಟಿ ಅಲುಗಿತು: "ಹುಳಿ... ಆಮೇಲೆ. ಮೊದ್ಲ್ ತಲಿ ತೆಗಿಕ್." ಅಕ್ಕ ಅದನ್ನು ಬಹಳ ಮುಖ್ಯವಾದ ಮಾತೆಂಬಂತೆ, "ತಲಿ ತೆಗ್ದೆ. ಮತ್ತೆ?" ಎಂದರು.

ಸಾಲಿಗ್ರಾಮದಲ್ಲಿ ಎಮ್ಮೆಗಳು ಅಡ್ಡ ಬಂದು ಕಾರು ನಿಂತಿತು. ಬಸ್‌ಸ್ಟಾಪಿನಲ್ಲಿ ಅಕ್ಕನ ಊರಿನವರೇ ನಾಲ್ಕೈದು ಜನ. ಗಂಧ ತೇಯುವವರ ಮಗಳು ಮೀನುಬುಟ್ಟಿಯನ್ನು ಮಗುವಿನಂತೆ ಅಪ್ಪಿಕೊಂಡು, ಬಂಗುಡೆಯ ತಲೆ ತೆಗೆಯುವ ಬಗೆಯನ್ನು ಜೋರಾಗಿ ಕೇಳುತ್ತಿದ್ದುದನ್ನು ಅವರೆಲ್ಲ ಕಂಡರು, ಕೇಳಿದರು. ಅಕ್ಕ ಅವರತ್ತ ನೋಡಲೂ ಇಲ್ಲ. "ಹಾರ್ನ್ ಹೊಡಿ ಮಾರಾಯಾ!" ಎಂದು ಚಾಲಕನಿಗೆ ಕೂಗಿದರು. ಬ್ರಹ್ಮಾವರದ ಹತ್ತಿರ ಗುಲಾಬಿ ಸಾರಿಗೆ ಕೊತ್ತಂಬರಿ ಹುರಿಯುವಲ್ಲಿಗೆ ಬಂದಿದ್ದಳು. ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಕಾರು ತಲುಪುವಾಗ ಸಾರು ಇನ್ನೂ ಕುದಿದಿರಲಿಲ್ಲ. ಆಮೇಲೆ ತಳ್ಳುಗಾಡಿ ಬಂತು, ಬಾಗಿಲು ಮುಚ್ಚಿತು. ನಾವಿಬ್ಬರು ಮತ್ತು ಬುಟ್ಟಿ ಹೊರಗೆ ಉಳಿದೆವು.

ಸಂಜೆಯ ಹೊತ್ತಿಗೆ ಒಬ್ಬ ಕಿರಿಯ ಡಾಕ್ಟರು ಬಂದು, ಬದುಕಿದ್ದಾಳೆ, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅಕ್ಕ "ಹಾಂ" ಎಂದು, ಬುಟ್ಟಿಯನ್ನು ನಳ್ಳಿಯಡಿ ತೊಳೆದು ಗೋಡೆಗೆ ಒರಗಿಸಿ ಇಟ್ಟು, ಬಸ್ಸಿಗೆ ಹೊರಟರು.

ನಮ್ಮ ಡಾಕ್ಟರು ಮರುದಿನ ಅಕ್ಕನನ್ನು ಕರೆಸಲಿಲ್ಲ, ಬೈಯಲಿಲ್ಲ, ಹೊಗಳಲೂ ಇಲ್ಲ. ಎರಡು ದಿನ ಕಳೆದು ಇನ್ನೊಬ್ಬ ಮೀನಿನ ಹೆಂಗಸು ಬಂದಾಗ, ಚೀಟಿಯಿಂದ ತಲೆಯೆತ್ತದೆ, "ಬುಟ್ಟಿ ಎಷ್ಟು ಕಡೆ ಇಳಿಸಿದೆ?" ಎಂದು ಕೇಳಿದರು. ಅಕ್ಕ ಆಗ ಕಿಟಕಿಯ ಪರದೆ ಸರಿ ಮಾಡುತ್ತಿದ್ದರು. ಬಹಳ ಹೊತ್ತು ಸರಿ ಮಾಡಿದರು.

ಮನೆಯಲ್ಲಿ ಏನಾಯಿತೆಂದು ಅವರು ಹೇಳಿದ್ದಲ್ಲ, ಬೇರೆಯವರಿಂದ ಕೇಳಿದ್ದು. ಅವರ ತಾಯಿ ಅವರನ್ನು ತಿಂಗಳುಗಟ್ಟಲೆ ಬಾವಿಕಟ್ಟೆಯಲ್ಲಿ ಮಿಂದ ಮೇಲೆಯೇ ಒಳಗೆ ಬಿಡುತ್ತಿದ್ದರಂತೆ. ಅಣ್ಣ, ಮೀನು ಕೊಂಡದ್ದು ನಿಜವಾ ಎಂದು ಕೇಳಿದ್ದಕ್ಕೆ, "ನಿಜ. ಬಂಗುಡೆ. ಲಾಯ್ಕ್ ಇತ್ತಂಬ್ರ್" ಎಂದರಂತೆ.

ನಾನು ಮೂರು ದಿನ ಉಣ್ಣಲಿಲ್ಲ, ಮಲಗಲಿಲ್ಲ. ನಾಲ್ಕನೇ ದಿನ ಔಷಧಿ ಕಪಾಟಿನ ಹಿಂದೆ ನಿಂತು ಅಕ್ಕನಿಗೆ ಹೇಳಿಬಿಟ್ಟೆ. ಬಲ್ಬು ಸರಿ ಜಾಗಕ್ಕೆ ಇಟ್ಟಿರಲಿಲ್ಲ, ಸುಳ್ಳು ಹೇಳಿದೆ. ಅವರು ಮೊದಲ ಸಲ ಕೇಳುತ್ತಿರುವವರಂತೆ, ಹುಬ್ಬೇರಿಸಿ, ಪೂರ್ತಿ ಕೇಳಿದರು.

"ಮೊದಲ ಪಟ್ಟಿ ಸರಿ ಬಂದದ್ದು ನನ್ನ ಕೈಯಿಂದಲಾ ಅಕ್ಕ, ಅಥವಾ ಆಗ ಅವಳ ಹೃದಯದಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲವಾ?"

"ಗೊತ್ತಿಲ್ಲೆ. ಎರಡೂ ಆಯ್ಕ್. ಇನ್ನ್ ಅದ್ ಯಾರಿಗೂ ಗೊತ್ತಾಪುದಿಲ್ಲೆ."

ಆಮೇಲೆ ಸಿರಿಂಜುಗಳನ್ನು ಎಣಿಸಿಡುತ್ತಾ, ನನ್ನತ್ತ ನೋಡದೆ ಹೇಳಿದರು. ನಾನು ಬರುವುದಕ್ಕೆ ಬಹಳ ಮೊದಲು ಬಿಜೂರಿನಿಂದ ಒಬ್ಬಳು ಬಂದಿದ್ದಳು, ಇಪ್ಪತ್ತೊಂಬತ್ತು ವಯಸ್ಸು. ನಾಟಿಯ ಸಮಯ. ಡಾಕ್ಟರು ಇರಲಿಲ್ಲ. ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದು ಅಕ್ಕನೇ. ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ಮೂರು ಕಡೆ ಕೂತಳಂತೆ. ಮೂರನೇ ಕಡೆಯಿಂದ ಏಳಲಿಲ್ಲ. "ಎಲ್ಲೆಲ್ಲಿ ಕೂತ್ಲ್ ಅಂದೇಳಿ ನಾನ್ ಹೋಯಿ ಕಂಡ್ ಬಂದೆ. ಕೂಪತಿಗೇ ಕೇಳಿದ್ರೆ ಆತಿತ್ತ್. ಕೇಂಬುಕೆ ಯಾರೂ ಇರ್ಲ." ಒಂದು ಸಿರಿಂಜು ತಪ್ಪಿ ಎಣಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು. "ಹೆದ್ರಿಕಿ ಬಿಡ್ಬೇಡ ಮಾಣಿ. ಹಾಂಗಂದೇಳಿ ಎಲ್ಲ ನಿಂಗೇ ಖರ್ಚ್ ಮಾಡ್ಬೇಡ. ಬಂದವ್ರಿಗೂ ಸ್ವಲ್ಪ ಹೆದ್ರ್."

ಆ ವಾರವೇ ಹಳೆಯ ಸೀರೆಯನ್ನು ಕತ್ತರಿಸಿ, ಬೇಕಾದಲ್ಲಿ ಮಾತ್ರ ತೆರೆಯುವಂತೆ ಮಡಿಕೆಗಳಿಟ್ಟು, ಇ.ಸಿ.ಜಿ. ಮಂಚಕ್ಕೆ ಒಂದು ಹೊದಿಕೆ ಹೊಲಿದು ತಂದರು. ಮಲಗಿದವಳ ಮಾನ ಉಳಿಯಬೇಕು, ನನ್ನಂಥವನ ಕಣ್ಣು ಗೋಡೆಗೆ ಹೋಗಬಾರದು. ಸವೆದಂತೆಲ್ಲ ಅದೇ ಅಳತೆಗೆ ಹೊಸತು ಹೊಲಿಸುತ್ತಾ ಬಂದಿದ್ದೇನೆ, ಈಗಿನದು ಐದನೆಯದು. ಈಗ ಬರುವ ಚಿಕ್ಕ ವಯಸ್ಸಿನ ಡಾಕ್ಟರುಗಳು ಹೆಂಗಸರಿಗೆ ಎದೆನೋವೆಂದರೆ ಬಸಿರಿನ ಬಿಪಿಯ ವಿಷಯವನ್ನು ತಾವಾಗಿಯೇ ಕೇಳುತ್ತಾರೆ. ನಿವೃತ್ತರಾಗಿದ್ದ ಅಕ್ಕನಿಗೆ ಒಮ್ಮೆ ಅದನ್ನು ಹೇಳಿದೆ. "ಹೌದಾ? ನಗೂದಿಲ್ಯಾ ಯಾರೂ?" ಎಂದಷ್ಟೇ ಕೇಳಿದರು.

ಹದಿಮೂರನೇ ದಿನದ ಊಟಕ್ಕೆ ಸಾಲಿಗ್ರಾಮದ ಅವರ ಮನೆಗೆ ಹೋಗಿದ್ದೆ. ಪಂಕ್ತಿ ಎದ್ದ ಮೇಲೆ ಅಂಗಳದ ಚಪ್ಪರದ ಕೊನೆಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಗುಲಾಬಿ ಕೂತಿದ್ದಳು. ಐವತ್ತು ದಾಟಿದೆ. ತಲೆಹೊರೆ ಬಿಟ್ಟು ಬಹಳ ಕಾಲವಾಯಿತು, ಮಗನ ಅಂಗಡಿಯಲ್ಲಿ ಕೂತು ಮೀನು ತೂಗುತ್ತಾಳೆ. ನಾನು ಹೋಗಿ ಪಕ್ಕದಲ್ಲಿ ಕೂತೆ. ಬಸ್‌ಸ್ಟಾಪಿನಿಂದ ಬರುವಾಗ ಎಷ್ಟು ಕಡೆ ನಿಂತೆ ಎಂದು ಕೇಳಿದೆ. "ಒಂದ್ ಕಡೆ. ಬಾಳೆಹಣ್ಣ್ ತಕಂಬುಕೆ" ಎಂದಳು.

ಇಷ್ಟು ವರ್ಷ ಅವಳ ಮುಖ ಕಂಡಾಗಲೆಲ್ಲ ಗಂಟಲಿಗೆ ಬಂದು ವಾಪಸು ಹೋಗುತ್ತಿದ್ದ ಮಾತು ಅವತ್ತು ಹೊರಗೆ ಬಂತು. "ಗುಲಾಬಕ್ಕ, ಅವತ್ತು ಮೊದಲನೇ ಇ.ಸಿ.ಜಿ. ನಾನು ಸರಿಯಾಗಿ ತೆಗೆದಿರಲಿಲ್ಲ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅದ್ ಈಗ ಹೇಳುದಾ? ನಂಗ್ ಅವತ್ತೇ ಗೊತ್ತಿತ್ತ್. ಎದಿ ನನ್ದ್ ಅಲ್ದಾ? ಸಿಸ್ಟ್ರಮ್ಮನ ಕಿವಿಯಂಗೆ ಹೇಳಿದ್ದೆ ನಾನ್, ನಿಮ್ ಮಾಣಿ ಗೋಡಿ ಕಂಡ್ಕಂಡ್ ಹೊಟ್ಟಿಗೆ ಬಲ್ಬ್ ಇಟ್ಟಿದ, ಅಂದೇಳಿ. ಎಷ್ಟ್ ನೆಗ್ಯಾಡಿದ್ರ್ ಅವ್ರ್, ನೆನ್ಪಿಲ್ಯಾ?"

ನೆನಪಿತ್ತು. ಸೆರಗು ಬಾಯಿಗೆ ಹಿಡಿದು ನಕ್ಕದ್ದು. ಅದಾದ ಮೇಲೆ ನನ್ನನ್ನು ಕೇಳಿದ್ದು. ನಾನು ಹೌದು ಎಂದದ್ದು.

"ಮತ್ತೆ ಅವ್ರೇಕೆ ನನ್ನ ಹೆಸರು ಹೇಳಲಿಲ್ಲ? ಮಾಣಿ ತಪ್ಪು ಮಾಡಿದ, ಇನ್ನೊಂದು ಸಲ ತೆಗೆಯಬೇಕು ಅಂತ ಒಂದು ಮಾತು ಹೇಳಿದ್ದರೆ ನೀನು ನಿಲ್ಲುತ್ತಿರಲಿಲ್ಲವಾ?"

"ನಿಲ್ತಿದ್ದೆ. ಆಯಾ ಇದ್ದಿತ್ತ್, ವಾರ್ಡಿನವ್ರ್ ಇದ್ದಿದ್ರ್, ಎಲ್ಲರೆದ್ರ್ ಹ್ಯಾಂಗ್ ಹೇಳುದ್? ನಿಮ್ಗ್ ಆಗ ಮೀಸಿ ಸಮಾ ಬಂದಿರ್ಲ" ಎಂದು ಗುಲಾಬಿ ಬಾಳೆಹಣ್ಣಿನ ಚಿಪ್ಪನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಅದಕ್ಕೇ ಅಲ್ದಾ ಬುಟ್ಟಿ ತಕಂಡದ್ದ್."

ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ನನ್ನ ಎದೆಯ ನಡುವೆ ಏನೋ ಬಿಗಿಯಿತು, ದವಡೆಯ ತನಕ ಏರಿತು, ಬೆನ್ನಿಗೂ ಹೋಯಿತು. ಪುಸ್ತಕದಲ್ಲಿ ಬರೆದಂತೆಯೇ ಇತ್ತು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಇ.ಸಿ.ಜಿ. ಕೋಣೆಯ ಬಾಗಿಲು ತೆಗೆದೆ. ಮಂಚದ ಮೇಲೆ ಆ ಹೊದಿಕೆ ಮಡಚಿ ಇತ್ತು. ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಯಂತ್ರ ಹಚ್ಚಲಿಲ್ಲ.